ಲೋಗೊ ಬರುವ ಯಂತ್ರದಲ್ಲಿ ಕನ್ನಡ ಯಾಕೆ ಬರದು?

“ಇದರಲ್ಲಿ ಕನ್ನಡ ಬರಲ್ಲ ಸಾರ್, ಸಪೋರ್ಟ್ ಇಲ್ಲ.” ಲೇಬಲ್ ಪ್ರಿಂಟರ್ ಮಾರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ರಾಜ್ಯದಲ್ಲಿ ತಯಾರಾದ ಸರಕಿನ ಮೇಲೆ ಕನ್ನಡವೂ ಇರಬೇಕೆಂದು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿದ ಮೇಲಂತೂ, ಕನ್ನಡ ಹಾಕಲು ಮನಸ್ಸಿಲ್ಲದವರಿಗೆಲ್ಲ ಇದೇ ನೆಪ. ಕಾನೂನು ಮಾಡಿದರಾಯಿತೇ, ಯಂತ್ರ ಒಪ್ಪಬೇಡವೇ ಎನ್ನುತ್ತಾರೆ. ಇದು ಸುಳ್ಳು.

ತಮಿಳುನಾಡಿನ ಕೋತಗಿರಿಯಲ್ಲಿ ಚಹಾಪುಡಿ ಪೊಟ್ಟಣ ಕಟ್ಟುವ ಸಣ್ಣ ಕಸುಬು ನನ್ನದು. ಸರಕು ಊಟಿ, ಗೂಡಲೂರು ದಾಟಿ ಗುಂಡ್ಲುಪೇಟೆಯ ಅಂಗಡಿಗಳಿಗೆ ಇಳಿಯುತ್ತದೆ. ಕರ್ನಾಟಕದ ಕಾನೂನಿಗೂ ನನಗೂ ಸಂಬಂಧವಿಲ್ಲ. ಕೊಳ್ಳುವವರು ಓದುವುದು ಕನ್ನಡ, ಆದ್ದರಿಂದ ಕನ್ನಡ ಹಾಕಬೇಕು ಅಂದುಕೊಂಡೆ, ಅಷ್ಟೇ. ಯಂತ್ರ ಮಾರಿದವರು ಒಂದು ಫಾಂಟ್ ಕಡತವನ್ನು ಅದರ ಮೆಮೊರಿಗೆ ತುಂಬಿಕೊಟ್ಟು ಹೋದರು. ಮೊದಲ ಲೇಬಲ್ ಹೊರಬಂತು: ‘ನಿವ್‌ವಳ ತೂಕ’. ಅದರ ಕೆಳಗೆ ‘ಗುಂಡ್‌ಲುಪೇಟೆ’. ಒತ್ತಕ್ಷರವೆಲ್ಲ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಫೋನ್ ಮಾಡಿದರೆ, “ಕನ್ನಡ ಅಂದ್ರೆ ಹೀಗೇ ಬರೋದು, ಇಂಗ್ಲಿಷಲ್ಲೇ ಹಾಕ್ಬಿಡಿ” ಎಂಬ ಉತ್ತರ.

ಹೀಗೇ ಬರಬೇಕಾಗಿಲ್ಲ. ಯುನಿಕೋಡ್‌ನಲ್ಲಿ ಒತ್ತಿಗೆ ಬೇರೆ ಸಂಕೇತವಿಲ್ಲ. ವ, ಅದರ ನಂತರ ಒಂದು ಹಲಂತ ಚಿಹ್ನೆ, ಮತ್ತೊಂದು ವ, ಹೀಗೆ ಮೂರು ಸಂಕೇತ ಸಾಲಾಗಿ ಹೋಗುತ್ತವೆ. ಅವನ್ನು ಜೋಡಿಸಿ ‘ವ್ವ’ ಮಾಡುವ ನಿಯಮ ಫಾಂಟಿನೊಳಗೇ ಇದೆ. ಕಂಪ್ಯೂಟರ್, ಮೊಬೈಲ್ ಆ ನಿಯಮ ಓದುತ್ತವೆ. ಅಗ್ಗದ ಲೇಬಲ್ ಪ್ರಿಂಟರ್ ಓದುವುದಿಲ್ಲ. ಆದ್ದರಿಂದ ಅದಕ್ಕೆ ಫಾಂಟ್ ತುಂಬಿಸಿ ಪ್ರಯೋಜನವಿಲ್ಲ. ಅಕ್ಷರವನ್ನು ಕಂಪ್ಯೂಟರಿನಲ್ಲೇ ಜೋಡಿಸಿ, ಇಡೀ ಲೇಬಲನ್ನು ಚಿತ್ರವಾಗಿ ಕಳಿಸಬೇಕು. ನಿಮ್ಮ ಲೋಗೊ ಹೋಗುವುದೂ ಹಾಗೆಯೇ.

ಲೋಗೊ ಬರುತ್ತದೆ ತಾನೇ? ಹಾಗಿದ್ದರೆ ಕನ್ನಡವೂ ಬರುತ್ತದೆ. ಶಾಖದಿಂದ ಅಚ್ಚು ಹಾಕುವ ಪ್ರಿಂಟರಿನ ತಲೆಗೆ ಯಾವ ಭಾಷೆಯೂ ಗೊತ್ತಿಲ್ಲ. ಗೊತ್ತಿರುವುದು ಚುಕ್ಕಿ ಮಾತ್ರ. ಸಾಮಾನ್ಯ ಯಂತ್ರ ಮಿಲಿಮೀಟರಿಗೆ 8 ಚುಕ್ಕಿ ಇಡುತ್ತದೆ. 50 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ ಲೇಬಲ್ ಎಂದರೆ 400 ಚುಕ್ಕಿ ಅಡ್ಡ, 200 ಚುಕ್ಕಿ ಉದ್ದ, ಒಟ್ಟು 80,000. ಚುಕ್ಕಿಗೊಂದು ಬಿಟ್‌ನಂತೆ ಬರೀ 10,000 ಬೈಟು! ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಶುಭೋದಯದ ಚಿತ್ರ ಇದಕ್ಕಿಂತ ಭಾರ. ಈ ಹತ್ತು ಸಾವಿರ ಬೈಟಿಗೆ ಹೆದರಿ ಒಂದು ನುಡಿಯನ್ನೇ ಪೊಟ್ಟಣದಿಂದ ಹೊರಗಿಡುತ್ತೀರಾ? ಫಾಂಟ್ ದುಬಾರಿ ಎನ್ನುವಂತೆಯೂ ಇಲ್ಲ. ನೋಟೊ, ಗುಬ್ಬಿ, ನವಿಲು ಎಲ್ಲವೂ ಉಚಿತ. ಒಂದು ಎಚ್ಚರ ಮಾತ್ರ ಬೇಕು: ಒಂದು ಮಿಲಿಮೀಟರ್ ಎತ್ತರಕ್ಕೆ ಕುಗ್ಗಿಸಿದರೆ ಎಂಟು ಚುಕ್ಕಿಯಲ್ಲಿ ಅಕ್ಷರವೂ ಒತ್ತೂ ಹಿಡಿಸುವುದಿಲ್ಲ. ಕನ್ನಡಕ್ಕೆ ಜಾಗ ಕೊಡಿ.

19ನೇ ಶತಮಾನದಲ್ಲೇ ಬಾಸೆಲ್ ಮಿಷನ್‌ನವರು ನಮ್ಮ ನೀಲಗಿರಿಯ ಬಡಗ ಮಾತಿನ ಸುವಾರ್ತೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು. 1894ರಲ್ಲಿ ಮಂಗಳೂರಿನ ಅದೇ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ ನಿಘಂಟು ಹೊರಬಂತು. ಅಲ್ಲಿ ಒಂದೊಂದು ಒತ್ತನ್ನೂ ಸೀಸದ ಮೊಳೆಯಾಗಿ ಕೈಯಿಂದ ಆರಿಸಿ ಜೋಡಿಸಿದರು. ಅಷ್ಟು ಕಷ್ಟಪಟ್ಟವರು ಯಾರೂ ‘ಸಪೋರ್ಟ್ ಇಲ್ಲ’ ಎನ್ನಲಿಲ್ಲ.

ತಪ್ಪು ಪ್ರಿಂಟರ್ ಮಾರುವವರದ್ದಷ್ಟೇ ಅಲ್ಲ. ಕೇಂದ್ರದ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ತೂಕ, ಬೆಲೆ, ದಿನಾಂಕ ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ. ಕನ್ನಡವಾಗಲಿ ತಮಿಳಾಗಲಿ ಈ ‘ಬೇಕಿದ್ದರೆ’ಯ ಸಾಲಿನಲ್ಲೇ ನಿಂತಿವೆ. 2011ರ ಜನಗಣತಿ 1.33 ಲಕ್ಷ ಬಡಗ ಮಾತಿನವರನ್ನು ಕನ್ನಡದ ಲೆಕ್ಕದೊಳಗೆ ಸೇರಿಸಿತು. ಎಣಿಸುವಾಗ ಬೇಕಾಗುವ ನಾವು ಓದುವಾಗ ಯಾರಿಗೂ ಬೇಡ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿ, “ಇದರ ತಾರೀಕು ಮುಗಿದಿದೆಯೇನಪ್ಪಾ?” ಎಂದು ಪಕ್ಕದವರನ್ನು ಕೇಳುವ ಅಜ್ಜಿಗೆ ಯಾವ ನಿಯಮ ಉತ್ತರ ಕೊಡುತ್ತದೆ?

ಈಗ ಲೇಬಲನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಕಳಿಸುತ್ತಿದ್ದೇನೆ. ಹೊಸ ಯಂತ್ರ ತರಲಿಲ್ಲ, ರೋಲೂ ಬದಲಾಗಿಲ್ಲ. ಕಳೆದ ವಾರ ಹೋದ ಪೊಟ್ಟಣಗಳ ಮೇಲೆ ಗುಂಡ್ಲುಪೇಟೆಯ ಲ ಒತ್ತು ಡಕಾರದ ಕೆಳಗೆ, ತನ್ನ ಜಾಗದಲ್ಲೇ ಕೂತಿದೆ.