ಬಾಣ ಎತ್ತ ಕಡೆಗೆ ಅಂತ ಸಾಫ್ಟ್‌ವೇರ್ ಹೇಳಲ್ಲ ಸ್ವಾಮಿ!

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆಯಲ್ಲ? ಗುಂಡ್ಲುಪೇಟೆ ಕಡೆಯ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಕರಕಲಾಯಿತು. ಆಗ ಲಂಟಾನ ಪೊದೆಯೂ ಚೆನ್ನಾಗಿ ಬೈಸಿಕೊಂಡಿತು. ಆದರೆ ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವುದೇ ಬೇರೆ. ಮೊದಲೆಲ್ಲ ಹಾಕುತ್ತಿದ್ದ 'ತರಗು ಬೆಂಕಿ' ನಿಂತ ಮೇಲೇ ಲಂಟಾನ ಹಬ್ಬಿತು ಅಂತ. ಅಲ್ಲಿ ಸಮೀಕ್ಷೆ ಮಾಡಿದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿದ್ದ ಲಂಟಾನ 2008ಕ್ಕೆ 81ರಲ್ಲಿತ್ತು!

ಬೆಂಕಿ, ಲಂಟಾನ, ಹುಲ್ಲು... ಯಾವುದರಿಂದ ಯಾವುದು? ಪರೀಕ್ಷೆಗೆಂದು ಹುಲಿ ಕಾಡಿಗೆ ಬೆಂಕಿ ಇಡೋಕಾಗುತ್ತಾ? ಅದಕ್ಕೇ ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್ ಅನ್ನೋದೊಂದಿದೆ. ಹೆಸರಿಗೆ ಹೆದರಬೇಡಿ. ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆದು, ಒಂದೊಂದು ಬಾಣದ ಬಲವನ್ನೂ ಅಂಕಿಅಂಶದಿಂದ ಅಳೆಯೋದು, ಅಷ್ಟೆ. ಇದರ ಬೀಜ ಸ್ಯೂವಲ್ ರೈಟ್ 1921ರಲ್ಲಿ ವಿವರಿಸಿದ ಪಾಥ್ ಅನಾಲಿಸಿಸ್. ಈಗ 'ಆರ್' ಭಾಷೆಯಲ್ಲಿ ಲಾವಾನ್, ಪೀಸ್‌ವೈಸ್ ಎಸ್‌ಇಎಂ ಎರಡೂ ಪುಕ್ಕಟೆ. "ಲಂಟಾನ ~ ಬೆಂಕಿ" ಅನ್ನೋ ಥರ ಒಂದು ಸಾಲು ಬರೆದರೆ ಒಂದು ಬಾಣ.

ನಮ್ಮ ಐಟಿ ಮಂದಿಯ ರೋಗ ಶುರುವಾಗೋದು ಇಲ್ಲೇ. ಪ್ರೋಗ್ರಾಂ ಓಡಿತು, ಫಿಟ್ ಚೆನ್ನಾಗಿದೆ, ಮುಗೀತು! ಆದರೆ ನೋಡಿ: ಬೆಂಕಿ ನಿಂತು ಲಂಟಾನ ಹೆಚ್ಚಿತು, ಅದರಿಂದ ಹುಲ್ಲು ಹೋಯಿತು ಅನ್ನೋದು ಒಂದು ಮಾಡೆಲ್. ದನ ಮೇದು ಹುಲ್ಲು ಹೋಯಿತು, ಲಂಟಾನ ಬಂತು, ಆಮೇಲೆ ಬೆಂಕಿಯ ರೀತಿ ಬದಲಾಯಿತು ಅನ್ನೋದು ಇನ್ನೊಂದು. ಮೂರೇ ಅಳತೆಗಳಿದ್ದರೆ ಎರಡಕ್ಕೂ ಸಿಗುವ ಫಿಟ್ ಒಂದೇ! ಬಾಣ ಎತ್ತ ತಿರುಗಬೇಕು ಅನ್ನೋದನ್ನ ಕಾಡು ಬಲ್ಲವರೇ ಹೇಳಬೇಕು.

ಆ ಬಲ್ಲವರ ಮಾತು ಕನ್ನಡ, ಸೋಲಿಗ ನುಡಿ. ಇದನ್ನು ಕಲಿಸುವ ಪುಸ್ತಕ, ಟ್ಯುಟೋರಿಯಲ್ಲುಗಳು ಇಂಗ್ಲಿಷಿನವು. ಜೇಮ್ಸ್ ಗ್ರೇಸ್ 2006ರಲ್ಲಿ ಪರಿಸರ ವಿಜ್ಞಾನಿಗಳಿಗೆಂದೇ ಒಳ್ಳೆಯ ಪುಸ್ತಕ ಬರೆದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗುಂಡ್ಲುಪೇಟೆಯ ಹುಡುಗಿಗೆ ಅದು ಎಟುಕೋದು ಯಾವಾಗ? "ಇಂಗ್ಲಿಷ್ ಕಲೀಲಿ ಬಿಡ್ರೀ" ಅನ್ನುವವರಿಗೆ ನನ್ನ ಪ್ರಶ್ನೆ: ಅವಳು ಕಲೀತಾಳೆ, ಸರಿ. ಅವಳಜ್ಜ ತನ್ನ ಕಾಡಿನ ಬಗ್ಗೆ ಬೇರೆಯವರು ಎಳೆದ ಬಾಣವನ್ನು "ತಪ್ಪು" ಅನ್ನಬೇಕಾದರೆ ಅವನೂ ಕಲೀಬೇಕಾ?

ಕೋವೇರಿಯನ್ಸ್‌ಗೆ ಸಂಸ್ಕೃತದ ಪದ ಹುಡುಕುತ್ತಾ ಕೂರೋದು ಬೇಡ. ಪದ ಹಾಗೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಬ್ಲಾಗಿನ ಟೆಂಪ್ಲೇಟ್ ಬದಲಿಸೋ ಒಂದು ಭಾನುವಾರ ಸಾಕು. ಬಾಣ ಎಳೆಯೋದು ಹೇಗೆ ಅಂತ ನಾನು ಬರೀತಿದ್ದೀನಿ. 'ಆರ್' ಇನ್‌ಸ್ಟಾಲ್ ಮಾಡೋದರ ಬಗ್ಗೆ ಯಾರು ಬರೀತೀರಿ?