ಜಾಕೆಟ್ಟಿನ ಒಳಮೈ ತಿರುವಿ ನೋಡಿ

ಮೇ ಕೊನೆಯ ವಾರ ಚಿಕ್ಕಪ್ಪನ ಮಗಳು ವಾಟ್ಸಾಪ್‌ನಲ್ಲಿ ಸಾಲಾಗಿ ಐದು ಜಾಕೆಟ್‌ಗಳ ಫೋಟೋ ಕಳಿಸಿ, "ಅಣ್ಣಾ, ಯಾವುದು ತಗೊಳ್ಳಲಿ?" ಅಂತ ಕೇಳಿದಳು. ಪುತ್ತೂರಿನಲ್ಲಿ ಡಿಗ್ರಿ ಎರಡನೇ ವರ್ಷ. ಮನೆಯಿಂದ ಬಸ್‌ಸ್ಟಾಪಿಗೆ ಇಪ್ಪತ್ತು ನಿಮಿಷ ನಡಿಗೆ. ಚಿಕ್ಕಮ್ಮನ ಪ್ರಕಾರ ಮೊಣಕಾಲು ಮುಚ್ಚುವ ಪ್ಲಾಸ್ಟಿಕ್ ರೇನ್‌ಕೋಟ್ ಇರುವಾಗ ಇನ್ನೊಂದು ದಂಡ. ಇವಳದ್ದು ಒಂದೇ ಮಾತು: "ಅದು ಹಾಕಿದ್ರೆ ಟೆಂಟ್ ನಡ್ಕೊಂಡು ಬಂದ ಹಾಗೆ ಕಾಣ್ತದೆ."

ನಗಬೇಡಿ. ಆ ರೇನ್‌ಕೋಟ್ ಕಳೆದ ಮಳೆಗಾಲವಿಡೀ ಬ್ಯಾಗಿನಲ್ಲೇ ಮಡಚಿಕೊಂಡಿತ್ತು. ಹುಡುಗಿ ಕೊಡೆ ಹಿಡಿದು, ಅರ್ಧ ನೆನೆದು, ಒದ್ದೆ ಚೂಡಿದಾರದಲ್ಲೇ ಸಂಜೆವರೆಗೆ ಕ್ಲಾಸಿನಲ್ಲಿ ಕೂರುತ್ತಿದ್ದಳು. ಮೈಗೆ ಅಂಟಿದ ಬಟ್ಟೆಯಲ್ಲಿ ತುಂಬಿದ ಬಸ್ಸು ಹತ್ತುವ ಹೆಣ್ಣುಮಕ್ಕಳು ಬ್ಯಾಗನ್ನು ಎದೆಗೆ ಅವಚಿಕೊಳ್ಳುವುದು ಪುಸ್ತಕ ನೆನೆಯುತ್ತದೆ ಅಂತಲ್ಲ. ಹಾಗಾಗಿ ಚಂದ ಕಾಣಬೇಕು ಅನ್ನುವುದನ್ನು ನಾನು ಶೋಕಿಯ ಖಾತೆಗೆ ಹಾಕುವುದಿಲ್ಲ. ಹಾಕಿಕೊಳ್ಳದ ಕೋಟಿನಿಂದ ಯಾರಿಗೆ ಏನುಪಯೋಗ?

ಆದರೆ ಅವಳು ಕಳಿಸಿದ ಐದರಲ್ಲಿ ಮೂರು ಬರೀ ವಿಂಡ್‌ಚೀಟರ್. ಹೆಸರೇ ಹೇಳುವ ಹಾಗೆ ಅದು ಗಾಳಿ ತಡೆಯುವ ಬಟ್ಟೆ. ನಮ್ಮ ಅಂಗಡಿಗಳಲ್ಲಿ ಮಾತ್ರ ಅದೂ ರೇನ್ ಜಾಕೆಟ್ಟೇ! ನಾಲ್ಕನೆಯದರ ಮೇಲೆ 'ವಾಟರ್ ರಿಪೆಲೆಂಟ್' ಅಂತಿತ್ತು. ಹೊರಮೈಗೆ ಬಳಿದ ಲೇಪದಿಂದ ಹನಿ ಕೆಸುವಿನ ಎಲೆಯ ಮೇಲಿನಂತೆ ಉರುಳುತ್ತದೆ, ಅಷ್ಟೇ. ಬೆಂಗಳೂರಿನ ತುಂತುರಿಗೆ ಸಾಕು. ಕರಾವಳಿಯಲ್ಲಿ ಜುಲೈ ತಿಂಗಳ ಮಳೆಗೆ ಹತ್ತು ನಿಮಿಷವೂ ನಿಲ್ಲುವುದಿಲ್ಲ. ನಿಮಗೆ ಬೇಕಾದ ಶಬ್ದ 'ವಾಟರ್‌ಪ್ರೂಫ್', ಜೊತೆಗೆ ಮಿಲಿಮೀಟರಿನಲ್ಲಿ ಒಂದು ಸಂಖ್ಯೆ.

ಈ ಮಿಲಿಮೀಟರಿನಲ್ಲಿ ಒಂದು ಗೊಂದಲವಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಅನ್ನುತ್ತೇವಲ್ಲ, ಆ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರದವರೆಗೆ ಒಳಗೆ ಜಿನುಗುವುದಿಲ್ಲ ಎನ್ನುವ ಅಳತೆ ಇದು. 5,000 ಎಂದರೆ ಐದು ಮೀಟರ್ ನೀರಿನ ಒತ್ತಡ. ಬೀಳುವ ಹನಿಗೆ ಅಷ್ಟು ಒತ್ತಡ ಇಲ್ಲ ನಿಜ, ಆದರೆ ಪುಸ್ತಕ ತುಂಬಿದ ಬ್ಯಾಗಿನ ಪಟ್ಟಿ ಹೆಗಲನ್ನು ಒತ್ತುತ್ತದಲ್ಲ, ನೀರು ಮೊದಲು ಒಳಬರುವುದು ಅಲ್ಲೇ. ಅದಕ್ಕೇ ಕಾಲೇಜಿಗೆ ಹೋಗುವವರಿಗೆ 5,000ಕ್ಕಿಂತ ಕಡಿಮೆ ಬೇಡ ಅನ್ನುತ್ತೇನೆ.

ಸಂಖ್ಯೆಗಿಂತಲೂ ನಾನು ನಂಬುವುದು ಹೊಲಿಗೆಯನ್ನು. ಸೂಜಿ ಚುಚ್ಚಿದ ಪ್ರತಿ ಜಾಗವೂ ಒಂದು ತೂತು. ಒಳ್ಳೆಯ ಜಾಕೆಟ್ಟಿನಲ್ಲಿ ಆ ಸಾಲಿನುದ್ದಕ್ಕೂ ಒಳಗಿನಿಂದ ಟೇಪ್ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಸಂಕೋಚ ಬಿಟ್ಟು ತಿರುವಿ ನೋಡಿ: ಹೆಗಲು, ಟೋಪಿ, ಕಂಕುಳು. ಕೆಲವರು ಹೆಗಲಿಗೆ ಮಾತ್ರ ಅಂಟಿಸಿ ಸುಮ್ಮನಾಗಿರುತ್ತಾರೆ. ಒಳಗೆ ಅಸ್ತರಿ ಇದ್ದು ಕಾಣದಿದ್ದರೆ, ಆನ್‌ಲೈನಿನಲ್ಲಿ ತರಿಸಿದ್ದಾದರೆ, ಮನೆಯಲ್ಲಿ ಹೆಗಲಿನ ಹೊಲಿಗೆಯ ಜಾಗವನ್ನು ಬಟ್ಟಲಿನ ಹಾಗೆ ಮಾಡಿ ಒಂದು ಲೋಟ ನೀರು ಹೊಯ್ದು ಕಾಲು ಗಂಟೆ ಬಿಡಿ. ಕೆಳಗೆ ಹಾಸಿದ ಪೇಪರ್ ಒದ್ದೆಯಾದರೆ ವಾಪಸ್ ಕಳಿಸುವುದೇ ಸರಿ. (ವಾಪಸ್ ತಗೊಳ್ತಾರಾ ಅಂತ ಮೊದಲೇ ನೋಡಿಕೊಂಡಿರಿ, ಲೇಬಲ್ ಕೀಳಬೇಡಿ.)

ಇನ್ನು ಬೆವರು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನನ್ನು ಥಟ್ಟನೆ ಎಳೆದಾಗ ಸಿಕ್ಕ ಸೂಕ್ಷ್ಮ ರಂಧ್ರಗಳ ವಸ್ತುವಿನಿಂದ ಗೋರ್‌ಟೆಕ್ಸ್ ಬಂತು. ನೀರಿನ ಹನಿ ಒಳಬರದು, ಬೆವರಿನ ಆವಿ ಹೊರಹೋಗುತ್ತದೆ. ಅದ್ಭುತವೇ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಚಳಿಯೂ ಇಲ್ಲ. ಹೀಗಾಗಿ ಅಂಥ ದುಬಾರಿ ಬಟ್ಟೆಗೆ ವಿದ್ಯಾರ್ಥಿಗಳು ಹತ್ತು ಸಾವಿರ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಕಂಕುಳಲ್ಲಿ ಜಿಪ್ ಇದೆಯಾ, ಬೆನ್ನಿನ ಮೇಲೆ ಮಡಿಕೆಯೊಳಗೆ ಗಾಳಿಕಿಂಡಿ ಇದೆಯಾ ನೋಡಿ; ಅದು ಅಗ್ಗದ ಮತ್ತು ನಂಬಬಹುದಾದ ಉಪಾಯ.

ಐದನೆಯ ಜಾಕೆಟ್ಟಿನಲ್ಲಿ ಇದೆಲ್ಲ ಇತ್ತು, ಕಡುಗಪ್ಪು ಬಣ್ಣ. ನಾನು ಅದರದ್ದೇ ಸಾಸಿವೆ ಹಳದಿ ತಗೋ ಎಂದೆ. ಮಬ್ಬು ಬೆಳಗಿನಲ್ಲಿ ಪಾದಚಾರಿ ದಾರಿಯೇ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆಯುವವರು ಲಾರಿಯವನಿಗೆ ಕಾಣಬೇಕು. ಸ್ಕೂಟರ್ ಓಡಿಸುವವರಿಗಂತೂ ಇದು ಇನ್ನೂ ಮುಖ್ಯ; ಹೆಲ್ಮೆಟ್ಟಿನ ಕೆಳಗೆ ಜಾಕೆಟ್ಟಿನ ಟೋಪಿ ತುರುಕಬೇಡಿ, ಪಕ್ಕದ ವಾಹನ ಕಾಣುವುದಿಲ್ಲ. ಸೊಂಟಕ್ಕೇ ನಿಲ್ಲುವ ಜಾಕೆಟ್ಟಿನಿಂದ ನೀರೆಲ್ಲ ಪ್ಯಾಂಟಿಗೆ ಇಳಿಯುತ್ತದೆ, ತೊಡೆಯ ಮೇಲ್ಭಾಗದವರೆಗೆ ಇರಲಿ. ಬ್ಯಾಗಿಗೆ ಬೇರೆ ಕವರ್.

ಚಿಕ್ಕಮ್ಮನಿಗೂ ಒಂದು ಮಾತು ಹೇಳಿದ್ದೇನೆ. ಒದ್ದೆ ಕಂಬಳಿ ಒಣಗಿಸಿದ ಹಾಗೆ ಇದನ್ನು ಬಚ್ಚಲ ಒಲೆಯ ಮೇಲೆ ಹರವಬೇಡಿ, ಒಳಗಿನ ಲೇಪ ಸುಲಿದು ಬರುತ್ತದೆ. ಒದ್ದೆಯಿರುವಾಗಲೇ ಮಡಚಿಟ್ಟರೂ ಅದೇ ಗತಿ, ಜೊತೆಗೆ ಬೂಸ್ಟು. ಹ್ಯಾಂಗರಿಗೆ ಹಾಕಿ, ಜಿಪ್ ಬಿಚ್ಚಿ, ಫ್ಯಾನಿನ ಕೆಳಗೆ ಬಿಟ್ಟರಾಯಿತು. ಕರೆಂಟ್ ಇದ್ದರೆ!