ಲೋಳಿಗಿಂತ ಮೊದ್ಲ ಮೇವು ಕೇಳ್ರಿ

ಹಾಲಿನವಗ 'ಎಮ್ಮಿಗೆ ಏನ್ ಮೇಸ್ತೀಪಾ?' ಅಂತ ಕೇಳೋ ನಾವು, ಬಸವನಹುಳದ ಲೋಳಿ ಕ್ರೀಮ್ ಕೊಳ್ಳುವಾಗ ಸುಮ್ಮನಿರ್ತೀವಿ. ಇದು ಸರಿಯಲ್ಲ ಅಂತೀನಿ.

ಲೋಳಿಯೊಳಗ ಶೇಕಡಾ 90ಕ್ಕೂ ಹೆಚ್ಚು ನೀರು. ಉಳಿದದ್ದು ಪ್ರೋಟೀನು, ಸಕ್ಕರಿ ಅಂಶ, ಸುಣ್ಣದಂಥ ಖನಿಜ. ಇವೆಲ್ಲಾ ಹುಳ ತಿಂದ ಎಲಿ, ನೆಕ್ಕಿದ ಮಣ್ಣಿನಿಂದನ ಬರಬೇಕಲ್ರೀ? ಹೊಲಸು ಮಣ್ಣಿನ ಸೀಸ, ಕ್ಯಾಡ್ಮಿಯಮ್ಮೂ ಅದರ ಮೈಯೊಳಗ ಕೂಡಿಕೊಳ್ತಾವ. 'ಶೇಕಡಾ 96 ಲೋಳಿ' ಅಂತ ಡಬ್ಬಿ ಮ್ಯಾಲೆ ಬರದ್ರ ಸಾಲದು, ಹುಳ ಏನ್ ತಿಂದಿತ್ತು ಅಂತನೂ ಬರೀಲಿ.

ಇನ್ನ ಹಿತ್ತಲದಾಗಿನ ಆಫ್ರಿಕನ್ ಬಸವನಹುಳ ಹಿಡದು ಮಾರಿಗೆ ಹಚ್ಚೋದಂತೂ ಬ್ಯಾಡೇ ಬ್ಯಾಡ. ಇಲಿ ಹಿಕ್ಕಿನೂ ತಿನ್ನೋ ಹುಳ ಅದು. ಮನುಷ್ಯಾರ ಮೆದುಳಿಗೆ ಏರೋ ಜಂತು ಅದರೊಳಗ ಇರಬಹುದು. ಮಕ್ಕಳಿಗೂ ಹೇಳಿಡ್ರಿ.